ಫಿಲ್ಟರ್ ನೀರು ಕುಡಿಯುವ ಪಾಚಿ

ಸದಾಶಿವನಗರದ ನಮ್ಮ ಮನೆಯ ಹಿಂಬಾಗಿಲು ತೆಗೆದರೆ ಒಂದು ಪುಟ್ಟ ಅಂಗಳ, ಅದರಾಚೆ ಗೇಟಿನ ಕಡೆ ಹೋಗುವ ಟೈಲ್ಸ್ ದಾರಿ. ಪಕ್ಕದವರು ಮೂರು ಅಂತಸ್ತು ಎಬ್ಬಿಸಿದ ಮೇಲೆ ಆ ಅಂಗಳ ಬಿಸಿಲಿನ ಮುಖ ನೋಡಿಲ್ಲ. ನಮ್ಮ ಯಜಮಾನರು ಅಲ್ಲಿ ಎರಡು ಸಲ ಲಾನ್ ಹುಲ್ಲು ಹಾಕಿಸಿದರು. ಎರಡು ಸಲವೂ ಅದು ಕಾಮಾಲೆ ಬಂದವರ ಹಾಗೆ ಹಳದಿಯಾಗಿ ಸತ್ತಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು ನಾನು, ಸುಮ್ಮನಿರಲು ಆಗಲಿಲ್ಲ. ಹುಲ್ಲು ಬಾರದ ಕಡೆ ಪಾಚಿ ಬೆಳೆಸೋಣ ಎಂದೆ.

"ಬೆಳ್ಸೋದಾ? ಜನ ಅದನ್ನ ಉಜ್ಜಿ ಉಜ್ಜಿ ತೆಗೀತಾರೆ ಕಣೇ!" ಎಂದರು ಯಜಮಾನರು.

ಪಾಚಿ ತಂದದ್ದು ಕೊತ್ತಗೆರೆಯ ನನ್ನ ತವರಿನಿಂದ. ತೋಟದ ಬಾವಿಯ ಪಕ್ಕದ ನೆರಳಲ್ಲಿ ಅದು ಮೆತ್ತಗೆ ಹಬ್ಬಿಕೊಂಡಿತ್ತು. ದೋಸೆ ಮಗುಚುವ ಸಟ್ಟುಗದಿಂದ ಹುಷಾರಾಗಿ ಎಬ್ಬಿಸಿ ಡಬ್ಬಿಗಳಿಗೆ ತುಂಬಿದೆ. ತಮ್ಮನ ಹೆಂಡತಿ ಪ್ರೀತಿಯಿಂದ ಕಟ್ಟಿಟ್ಟಿದ್ದ ತೆಂಗಿನಕಾಯಿಗೆ ಕಾರಿನಲ್ಲಿ ಜಾಗ ಸಾಲದೆ ಅರ್ಧ ಅಲ್ಲೇ ಬಿಟ್ಟು ಬಂದೆ. ಅವಳು ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ.

ಮಜ್ಜಿಗೆಯಲ್ಲಿ ರುಬ್ಬಿ ಬಳಿದರೆ ಬೇಗ ಹಬ್ಬುತ್ತದೆಂದು ಫೋನಿನಲ್ಲಿ ಯಾರೋ ಹೇಳಿದ್ದರು. ಮಿಕ್ಸಿಯ ಚಟ್ನಿ ಜಾರಿನಲ್ಲೇ ರುಬ್ಬಿದೆ. ನೋಡಲು ಥೇಟ್ ಕೊತ್ತಂಬರಿ ಚಟ್ನಿ. ನಾನು ಕೂಗುವಷ್ಟರಲ್ಲಿ ಯಜಮಾನರು ಬೆರಳು ಅದ್ದಿ ನೆಕ್ಕಿಯಾಗಿತ್ತು. "ಉಪ್ಪು ಕಮ್ಮಿ" ಎಂದರು ಪಾಪ. ಮಾರನೇ ದಿನ ಬೀದಿಯ ಬೆಕ್ಕುಗಳು ಬಂದು ನಾನು ಅಂಗಳಕ್ಕೆ ಬಳಿದಿದ್ದನ್ನೆಲ್ಲ ನೆಲದಿಂದ ನೆಕ್ಕಿಕೊಂಡು ಹೋದವು. ಕೊನೆಗೆ, ಹಾಗೇ ಚೂರುಚೂರಾಗಿ ಮಣ್ಣಿಗೆ ಒತ್ತಿದ್ದು ಮಾತ್ರ ಬೇರೂರಿದ ಹಾಗೆ ಕಚ್ಚಿಕೊಂಡಿತು.

ಆಮೇಲೆ ಶುರುವಾಯಿತು ಉಪಚಾರ. ನಮ್ಮ ಬೋರ್‌ವೆಲ್ ನೀರಿಗೆ ಅದು ಬೆಳ್ಳಗಾಗಿ ಮುರುಟುತ್ತಿತ್ತು. ಹಿಡಿದಿಟ್ಟ ಮಳೆ ನೀರು ಮುಗಿದ ಮೇಲೆ ಅಡುಗೆಮನೆಯ ಫಿಲ್ಟರ್ ನೀರೇ ಗತಿಯಾಯಿತು. "ಸಂಜೆಗೆ ಅದಕ್ಕೆ ಕಾಫಿನೂ ಕೊಡು, ಬೇಜಾರು ಮಾಡ್ಕೊಳುತ್ತೆ" ಎಂದು ಯಜಮಾನರು ರೇಗಿಸುತ್ತಿದ್ದರು. ಸಣ್ಣ ಕಳೆಯನ್ನು ಹುಬ್ಬಿನ ಚಿಮಟದಲ್ಲಿ ಕೀಳುತ್ತಿದ್ದೆ. ಬೇಸಿಗೆಯಲ್ಲಿ ಹಳೇ ಕಾಟನ್ ಸೀರೆ ಹೊದಿಸುತ್ತಿದ್ದೆ. ಎರಡು ಮಳೆಗಾಲ ಕಳೆದು ಒಂದು ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಒಂದು ಅಂಗೈಯಷ್ಟೂ ಮಣ್ಣು ಕಾಣಲಿಲ್ಲ, ಪೂರ್ತಿ ಹಸಿರು. ಅರವತ್ತು ದಾಟಿದ ಹೆಂಗಸು ಪಾಚಿ ನೋಡಿ ಅಳಬಾರದು, ಆದರೆ ಅತ್ತುಬಿಟ್ಟೆ.

ಆಗಲೇ ಗುಬ್ಬಿಯಿಂದ ಫೋನ್ ಬಂತು. ಭಾವನವರ ಮನೆಯ ನೆಲ ಕಿತ್ತು ಹೊಸದು ಹಾಕಿಸುತ್ತಿದ್ದಾರೆ, ಅತ್ತೆ ಒಂದು ತಿಂಗಳು ನಮ್ಮಲ್ಲಿರುತ್ತಾರೆ. ಫೋನ್ ಇಟ್ಟವಳೇ ಹಿಂಬಾಗಿಲಿಗೆ ಓಡಿದೆ. ಅತ್ತೆಯೆಂದರೆ ಭಯವಿಲ್ಲ, ಒಳ್ಳೆಯವರು. ಆದರೆ ನಾಲ್ಕು ವರ್ಷದ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಕೈ ಕೂಡಿತು, ಧೈರ್ಯ ಕೂಡಲಿಲ್ಲ. ಅಂದಿನಿಂದ ಹೊಸಿಲು ದಾಟಿದರೆ ಗೋಡೆ ಹಿಡಿದೇ ನಡೆಯುತ್ತಾರೆ. ಅವರಿಗೆ ಈ ಅಂಗಳ ತೋರಿಸುವುದು ಹೇಗೆ?

ತೋರಿಸಲಿಲ್ಲ. ಮೇಲೆ ಚಾಪೆ ಮುಚ್ಚಿದೆ.

"ಏನವ್ವ ಅದು, ನೆಳ್ಳಲ್ಲಿ ಒಣಗಾಕಿದೀಯಾ?" ಬಂದ ದಿನವೇ ಅತ್ತೆ ಹಿಂಬಾಗಿಲ ಚೌಕಟ್ಟು ಹಿಡಿದು ಕೇಳಿದರು.

"ನುಗ್ಗೆ ಸೊಪ್ಪು ಅತ್ತೆ, ಪುಡಿ ಮಾಡೋಕೆ."

ಅಲ್ಲೇ ನಾನು ಕೆಟ್ಟೆ. ಒಣಗಲು ಹಾಕಿದ ಪದಾರ್ಥವನ್ನು ಮಗುಚಿ ಹಾಕದೆ ಇರುವುದು ನಮ್ಮ ಕಡೆಯ ಯಾವ ಅತ್ತೆಯಿಂದಲೂ ಆಗದ ಕೆಲಸ. ಮಾರನೇ ಬೆಳಿಗ್ಗೆ, ಸೊಪ್ಪು ಕೊಳೆತೀತು ಎಂಬ ಕಾಳಜಿಯಿಂದ ಬಾಗಿಲಲ್ಲೇ ಕೂತು ಪೊರಕೆ ಕಡ್ಡಿಯಿಂದ ಚಾಪೆ ಎತ್ತಿ ನೋಡಿದ್ದಾರೆ.

"ಅಯ್ಯೋ ನಿನ್ ಮನೆ ಹಾಳಾಗ! ಪಾಚಿ ಕಟ್ಟೈತಲ್ಲೇ!"

ಆ ಮನೆ ಅವರ ಮಗನದೂ ಹೌದು ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ. "ಬ್ಲೀಚಿಂಗ್ ಪೌಡ್ರು ತಗೊಂಡ್ ಬಾರ್ಲಾ!" ಎಂದು ಮಗನಿಗೆ ಆಜ್ಞೆಯಾಯಿತು. ಯಜಮಾನರು ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು. ಹೊತ್ತು ಕಳೆಯಲೆಂದು ಮೊದಲು ಟೈಲ್ಸ್ ದಾರಿಯನ್ನು ಸೋಪಿನ ಪುಡಿ ಹಾಕಿ ಪಳಪಳ ಉಜ್ಜಿದರು. ದಾರಿ ಮುಗಿಯಿತು. ಇನ್ನು ಉಳಿದದ್ದು ನನ್ನ ಅಂಗಳ.

"ತಡೀರಿ" ಎಂದೆ. ನನ್ನ ಎರಡು ವರ್ಷ ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ಟಿನ ಮುಂದೆ ನಿಂತಿತ್ತು. ತರಗತಿಯ ದನಿ ತಾನಾಗಿ ಬಂತು. "ಅತ್ತೆ, ಕಲ್ಲಿನ ಮೇಲಿನ ಪಾಚಿ ಜಾರುತ್ತೆ. ಇದು ಮಣ್ಣಿಗೆ ಕಚ್ಕೊಂಡಿರೋದು, ಜಾರಲ್ಲ. ನೋಡಿ ಬೇಕಾದ್ರೆ." ಬರಿಗಾಲಲ್ಲಿ ಪಾಚಿಯ ಮೇಲೆ ಆ ಕಡೆ ನಡೆದೆ, ಈ ಕಡೆ ನಡೆದೆ. ಇನ್ನೊಮ್ಮೆ ಆ ಕಡೆ ಹೋಗಿ, ಗೆದ್ದೆನೆಂಬ ಜಂಬದಲ್ಲಿ ಟೈಲ್ಸ್ ಮೇಲೆ ಕಾಲಿಟ್ಟೆ.

ಸೋಪಿನ ನೀರು. ಧೊಪ್ಪನೆ ಬಿದ್ದೆ.

ಯಜಮಾನರು ತಾವೇ ಉಜ್ಜಿದ ನೆಲದ ಮೇಲೆ ಹೆಜ್ಜೆ ಇಡಲು ಹೆದರಿ ಬಕೆಟ್ ಹಿಡಿದು ನಿಂತುಬಿಟ್ಟರು. ಬಂದವರು ಅತ್ತೆ. "ಅಯ್ಯೋ ಮಗಳೇ" ಎಂದು ಬಾಗಿಲ ಚೌಕಟ್ಟು ಬಿಟ್ಟು, ಅಂಗಳದ ನಡುವೆಯೇ ದಡದಡ ಬಂದು ನನ್ನ ರಟ್ಟೆ ಹಿಡಿದರು. ಮೂವತ್ತೈದು ವರ್ಷದಲ್ಲಿ ಅವರು ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ಆಮೇಲೆ ಕೆಳಗೆ ನೋಡಿದರು. ಅವರ ಎರಡೂ ಕಾಲು ಪಾಚಿಯ ಮೇಲಿದ್ದವು. ಕಾಲಿನ ಹೆಬ್ಬೆರಳಿಂದ ಒಮ್ಮೆ ಒತ್ತಿ ನೋಡಿದರು.

"ತಣ್ಣಗೈತೆ ಕಣವ್ವ" ಎಂದರು.

ಕಾಲು ಉಳುಕಿ ನಾನು ಮಂಚ ಹಿಡಿದೆ. ಪಾಚಿಯ ಗತಿ ಏನಾಯಿತೋ ಎಂಬ ಚಿಂತೆ ನೋವಿಗಿಂತ ಜಾಸ್ತಿ. ಮೂರನೇ ದಿನ ಹಿಂದಿನ ಅಂಗಳದಿಂದ ಮಗನನ್ನು ಗದರುವುದು ಕೇಳಿಸಿತು: "ಏಯ್, ಚಪ್ಲಿ ಬುಟ್ಟು ಬಾರ್ಲಾ! ಕಣ್ ಕಾಣಾಕಿಲ್ವಾ?" ಕುಂಟಿಕೊಂಡು ಕಿಟಕಿಗೆ ಬಂದೆ. ಅತ್ತೆ ಅಂಗಳದ ನಟ್ಟನಡುವೆ ಬರಿಗಾಲಲ್ಲಿ ನಿಂತು ನೀರು ಚಿಮುಕಿಸುತ್ತಿದ್ದರು. ಒಂದು ಕೈಯಲ್ಲಿ ಫಿಲ್ಟರ್ ನೀರಿನ ಬಿಂದಿಗೆ, ಇನ್ನೊಂದರಲ್ಲಿ ಚೊಂಬು. ಗೋಡೆ ಹಿಡಿಯಲು ಅವರಿಗೆ ಕೈ ಬಿಡುವಿರಲಿಲ್ಲ.