ಬೈರಕೂರಿನಿಂದ ತಂದ ಕಮಾನು ಗಾಡಿ

ಯುದ್ಧ ನಡೆಯುತ್ತಿದ್ದ ವರ್ಷಗಳು. ಒಂದು ಫಾಲ್ಗುಣದ ಬೆಳಗ್ಗೆ ನಾನೂ ನನ್ನ ಅಣ್ಣನೂ ಕೋಲಾರದಲ್ಲಿ ಚಿಕ್ಕ ರೈಲು ಹತ್ತಿದೆವು. ಹೊರಟಿದ್ದು ಗಾಡಿ ಕೊಳ್ಳುವುದಕ್ಕೆ. ಸೌದೆ ಹೇರುವ ಗಾಡಿಯಲ್ಲ, ಒಂದು ಸಂಸಾರ ಹತ್ತು ಹದಿನೈದು ದಿನ ಊರೂರು ತಿರುಗುತ್ತ ಉಂಡು ಮಲಗಿ ಬದುಕಬಹುದಾದಂಥ ಕಮಾನು ಗಾಡಿ.

ಕಾರಣ ಮೊದಲೇ ಹೇಳಿಬಿಡುವುದು ಲೇಸು. ಅಣ್ಣ ಸಿಡುಬು ಬಾರದಂತೆ ದಾಕು, ಅಂದರೆ ಲಸಿಕೆ, ಹಾಕುವ ಸರ್ಕಾರಿ ನೌಕರ. ತಿಂಗಳಲ್ಲಿ ಇಪ್ಪತ್ತು ದಿನ ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲೇ ಅವನ ವಾಸ. ಹಿಂದಿನ ವರ್ಷ ಅವನು ಹೀಗೆ ಸರ್ಕೀಟಿನಲ್ಲಿದ್ದಾಗ ಅವನ ಒಂದೂವರೆ ವರ್ಷದ ಮಗ ಕಿಟ್ಟಿ ಸಿಡುಬಿನಿಂದಲೇ ತೀರಿಕೊಂಡ. ಅಂದಿನಿಂದ ಅತ್ತಿಗೆ ಶ್ರೀನಿವಾಸಪುರದ ತವರಿನಲ್ಲಿದ್ದರು. ಆಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಈಗ ಐದು ತಿಂಗಳು. ಅತ್ತಿಗೆ ಎರಡು ಮಾತು ಹೇಳಿ ಕಳಿಸಿದ್ದರು. ಗಂಡ ತಿರುಗುವ ಕಡೆಗೆಲ್ಲ ತಾವೂ ಮಗುವೂ ಹೋಗುವಂತಿದ್ದರೆ ಮಾತ್ರ ಸಂಸಾರಕ್ಕೆ ಬರುವುದು. ಮಗುವಿಗೆ ಮಾತ್ರ ದಾಕು ಹಾಕಕೂಡದು. ಕಿಟ್ಟಿಗೆ ಹಾಕಿದ ದಾಕು ಏನು ಕಾಪಾಡಿತು ಎಂಬುದು ಅವರ ಪ್ರಶ್ನೆ.

ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕಸುಬೆಂದು ನಾನು ತಿಳಿದಿದ್ದ ಕಾಲ ಅದು. ಬೆಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ದೇವರು, ದೆವ್ವ, ಜಾತಕ ಯಾವುದನ್ನೂ ನಾನು ಬಿಟ್ಟವನಲ್ಲ. ಸಂಕ್ರಾಂತಿಯ ರಜೆಯಲ್ಲಿ ಅತ್ತಿಗೆಯ ಮುಂದೆ ಕೂತು, ದಾಕು ಹಾಕಿದ ನೂರು ಮಕ್ಕಳಲ್ಲಿ ಒಂದೆರಡಕ್ಕೆ ಫಲಿಸದಿದ್ದರೆ ಮಿಕ್ಕವರಿಗೆ ಬೇಡವೆನ್ನುವುದು ತರ್ಕವಲ್ಲ ಎಂದು ಎರಡು ಗಂಟೆ ಮಾತಾಡಿದ್ದೆ. ಅವರು ಅಷ್ಟೂ ಹೊತ್ತು ಅವರೆಕಾಯಿ ಸುಲಿದು, ಕೊನೆಗೆ ಮೊರ ಎತ್ತಿಕೊಂಡು ಒಳಗೆ ಹೋದರು. ಅಣ್ಣ ಬಾಯಿಬಿಡಲಿಲ್ಲ. ಅವನ ಮೌನ ನನಗೆ ಹೇಡಿತನವಾಗಿ ಕಂಡಿತ್ತು.

ಬೌರಿಂಗ್‌ಪೇಟೆಯಲ್ಲಿ ಇಳಿದು ದೊಡ್ಡ ರೈಲು ಹಿಡಿದೆವು. ಮೂರನೆಯ ದರ್ಜೆಯಲ್ಲಿ ಕೂರಲು ಜಾಗವಿರಲಿಲ್ಲ, ಟೇಕಲ್ ಬೆಟ್ಟದ ಬಂಡೆಗಳು ದಾಟುವವರೆಗೂ ನಿಂತೇ ಇದ್ದೆವು. ಮಾಲೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಗಾಡಿ ಮಾಡುವ ಆಚಾರ್ರ ಅಂಗಳ ಸ್ಟೇಷನ್ನಿಂದ ಅರ್ಧ ಮೈಲಿ. ಇಟ್ಟಿಗೆ ಹೇರುತ್ತಿದ್ದ ಗಾಡಿಯೊಂದಕ್ಕೆ ಹೊಸ ಬಿದಿರಿನ ಕಮಾನು ಕಟ್ಟಿ, ಈಚಲ ಚಾಪೆ ಹೊದಿಸಿ ಮಾರಾಟಕ್ಕಿಟ್ಟಿದ್ದರು. ಗಾಡಿ ಹೇಗಿರಬೇಕೆಂದು ಬರೆದಿಟ್ಟುಕೊಂಡಿದ್ದ ಪಟ್ಟಿ ಜೇಬಿನಿಂದ ತೆಗೆದು ನಾನು ಒಂದೊಂದಾಗಿ ಪರೀಕ್ಷೆ ಮಾಡತೊಡಗಿದೆ. ಆರಡಿ ಉದ್ದ, ಸರಿ. ಒಳಗೆ ಕೂತರೆ ತಲೆಗೆ ತಗಲದ ಎತ್ತರ, ಸರಿ. ಅಚ್ಚು ಗಟ್ಟಿ, ಸರಿ. ಮಲಗಿ ನೋಡುವುದೊಂದು ಬಾಕಿ ಎಂದು ಒಳಗೆ ಹೋಗಿ ಎತ್ತು ಕಟ್ಟುವ ಕಡೆಗೆ ತಲೆಯಿಟ್ಟು ಮೈ ಚಾಚಿದೆ. ನೊಗ ನೆಲದ ಮೇಲಿತ್ತು. ನಾನು ಮೆಲ್ಲಗೆ ಜಾರಿಕೊಂಡು ಹೋಗಿ ಗಾಡಿಯ ಮುಂದೆ ಚಾಚಿದ್ದ ಮೂಕಿಮರದ ಮೇಲೆ ತಲೆಕೆಳಗಾಗಿ ನಿಂತೆ.

ಆಚಾರ್ರು ನಗಲಿಲ್ಲ. ಉಳಿ ಮಸೆಯುತ್ತಲೇ, "ಎತ್ತು ಬಿಚ್ಚಿದ ಮೇಲೆ ಗಾಡಿ ಮುಂದಕ್ಕೆ ಬಗ್ಗುತ್ತೆ ಸ್ವಾಮಿ. ಕಾಲೇಜಲ್ಲಿ ಅದೊಂದು ಹೇಳ್ಕೊಡಲ್ಲ ಅಂತ ಕಾಣುತ್ತೆ" ಎಂದರು.

ಹಿಂದೆ ಮುಂದೆ ಊರುಗೋಲು ಕೊಟ್ಟು ಸಮವಾಗಿ ನಿಲ್ಲಿಸುವ ಗಾಡಿಯೇ ಬೇರೆ, ಅದರ ಚೌಕಟ್ಟೇ ಬೇರೆ ಎಂದು ಅವರು ವಿವರಿಸಿದರು. ಹೊಸದಾಗಿ ಮಾಡಿಕೊಡಲು ಮೂರು ತಿಂಗಳು ಬೇಕಂತೆ. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗುತ್ತಿದೆ, ಚಕ್ರಕ್ಕೆ ಪಟ್ಟಿ ಸಿಗುವುದೇ ಕಷ್ಟ ಎಂದರು. ನಮಗೆ ಅಷ್ಟು ವ್ಯವಧಾನವಿರಲಿಲ್ಲ. ಅಣ್ಣನ ಸರ್ಕೀಟು ಮುಂದಿನ ವಾರ ಶುರುವಾಗುವುದಿತ್ತು.

ಎರಡನೆಯ ದಿನ ಕೋಲಾರಕ್ಕೆ ಮರಳಿ ಮುಳಬಾಗಿಲಿನ ಬಸ್ಸು ಹಿಡಿದೆವು. ಹದಿನೆಂಟು ಮೈಲಿ, ತಲೆಗೆ ಎಂಟಾಣೆ. ಪೆಟ್ರೋಲಿಲ್ಲದ ಕಾಲವಾದ್ದರಿಂದ ಬಸ್ಸಿನ ಹಿಂದೆ ಒಲೆಯಂಥ ಪೀಪಾಯಿ ಕಟ್ಟಿ ಇದ್ದಿಲ ಗ್ಯಾಸಿನಿಂದ ಓಡಿಸುತ್ತಿದ್ದರು. ಏರು ಬಂದ ಕಡೆ ಗಂಡಸರೆಲ್ಲ ಇಳಿದು ತಳ್ಳಬೇಕು. ಮೂರು ಸಲ ತಳ್ಳಿ, ಮಸಿ ಬಳಿದುಕೊಂಡು, ಮಧ್ಯಾಹ್ನ ಮುಳಬಾಗಿಲು ಸೇರಿ ದೋಸೆ ತಿಂದೆವು.

ಅಲ್ಲಿ ಜಟಕಾ ಮಾಡುವ ವಯಸ್ಸಾದ ಸಾಬರೊಬ್ಬರಿದ್ದರು. ನನ್ನ ಪಟ್ಟಿಯನ್ನು ಪೂರ್ತಿ ಓದಿಸಿ ಕೇಳಿ, "ಜಟಕಾದಲ್ಲಿ ಸಂಸಾರ ಕೂತ್ಕೊಂತದೆ, ಮಲಗಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ ತಮ್ಮ ತಂದೆಯವರು ಬೈರಕೂರಿನ ಒಬ್ಬ ಜಮೀನುದಾರರಿಗೆ ಅಂಥದ್ದೊಂದು ಗಾಡಿ ಮಾಡಿಕೊಟ್ಟಿದ್ದರೆಂದೂ, ಅದಕ್ಕೆ ಜಟಕಾದ ಸ್ಪ್ರಿಂಗು, ನಾಲ್ಕು ಮೂಲೆಗೆ ಊರುಗೋಲು, ಕೆಳಗೆ ಪಾತ್ರೆ ಇಡುವ ಪೆಟ್ಟಿಗೆ ಎಲ್ಲ ಇದೆಯೆಂದೂ, ಈಗ ಅದನ್ನು ಯಾರೂ ಹತ್ತುತ್ತಿಲ್ಲವೆಂದೂ ತಿಳಿಸಿದರು. ಯಾಕೆ ಹತ್ತುವುದಿಲ್ಲವೆಂದು ಕೇಳಿದೆ. ಅದನ್ನು ಆ ಮನೆಯವರ ಬಾಯಿಂದಲೇ ಕೇಳಿಕೊಳ್ಳಿ ಎಂದು ಮತ್ತೆ ತಾವು ಕೆತ್ತುತ್ತಿದ್ದ ಚಕ್ರದ ಕಡೆಗೆ ತಿರುಗಿದರು.

ಮೂರನೆಯ ದಿನ ಬೆಳಗ್ಗೆ ಬೈರಕೂರಿಗೆ ನಡೆದೇ ಹೋದೆವು. ಮಾವು ಹೂಬಿಟ್ಟು ದಾರಿಯುದ್ದಕ್ಕೂ ಘಮವಿತ್ತು. ಜಮೀನುದಾರರು ತೀರಿಹೋಗಿದ್ದರು. ಅವರ ಹೆಂಡತಿ ವೆಂಕಟಮ್ಮನವರು ಮಜ್ಜಿಗೆ ಕೊಟ್ಟು, ಮನೆಯ ಹಿಂದಿನ ಹುಣಸೆಮರದ ಕೆಳಗೆ ನಿಂತಿದ್ದ ಗಾಡಿಯನ್ನು ದೂರದಿಂದಲೇ ತೋರಿಸಿದರು. ನನ್ನ ಪಟ್ಟಿಯನ್ನು ಯಾರೋ ಕದ್ದು ಓದಿ ಮಾಡಿದಂತಿತ್ತು ಅದು. ನಾಲ್ಕು ಊರುಗೋಲಿನ ಮೇಲೆ ನೆಟ್ಟಗೆ ನಿಂತಿತ್ತು, ತೇಗದ ಹಲಗೆ ಒಂದೂ ಸೀಳಿರಲಿಲ್ಲ. ಕಮಾನಿನ ಒಳಗೆ ಮಾತ್ರ ಒಣಗಿದ ಬೇವಿನ ಕಂತೆ ನೇತಾಡುತ್ತಿತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ.

"ವದ್ದು ನಾಯನಾ, ಹತ್ತಬೇಡ" ಎಂದರು ವೆಂಕಟಮ್ಮನವರು. "ಅಮ್ಮ ಕೂತು ಹೋದ ಗಾಡಿ ಅದು."

ಹಿಂದಿನ ಬೇಸಿಗೆಯಲ್ಲಿ ಅವರ ಸೊಸೆಗೆ ಸಿಡುಬು ಎದ್ದು, ಇದೇ ಗಾಡಿಯಲ್ಲಿ ಮುಳಬಾಗಿಲಿನ ಆಸ್ಪತ್ರೆಗೆ ಒಯ್ದಿದ್ದರಂತೆ. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಅಂದಿನಿಂದ ಗಾಡಿ ಅಮ್ಮನವರದು. ಮಕ್ಕಳಿರುವ ಮನೆಯವರಿಗೆ ಮಾರುವುದಕ್ಕೆ ಅವರಿಗೆ ಮನಸ್ಸೇ ಇರಲಿಲ್ಲ.

ನನಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ಸಿಡುಬು ರೋಗ, ದೇವತೆಯಲ್ಲ ಎಂದೆ. ದೇವತೆಯೇ ಆದರೂ ಗಾಡಿಯ ಹಂಗಿಲ್ಲದೆ ಊರೂರಿಗೆ ಹಬ್ಬಿದವಳು ಇಲ್ಲಿ ಹುಣಸೆಮರದ ಕೆಳಗೆ ಒಂದು ವರ್ಷ ಕಾದು ಕೂತಿರುವುದೇಕೆ ಎಂದೆ. ಹಾಸಿಗೆ ಏನಾಯಿತೆಂದು ಅಣ್ಣ ಕೇಳಿದ. ಅವತ್ತೇ ಸುಟ್ಟರಂತೆ. ಅವನು ಹಲಗೆಗಳನ್ನು ಬೆರಳಿನಿಂದ ತಡವಿ, ಒಂದು ವರ್ಷದ ಬಿಸಿಲು ಬಿದ್ದಿದೆ, ಸುಣ್ಣ ಬಳಿದು ಫಿನಾಯಿಲಿನಲ್ಲಿ ತೊಳೆದರೆ ಯಾವ ಅಪಾಯವೂ ಇಲ್ಲ ಎಂದ. ವೆಂಕಟಮ್ಮನವರಿಗೆ ನನ್ನ ಮಾತಿಗಿಂತ ಅವನ ಬೆರಳು ಹೆಚ್ಚು ಹಿಡಿಸಿತೆಂದು ಕಾಣುತ್ತದೆ. ನಿಮ್ಮ ಮನೆಯಾಕೆ ಒಪ್ಪಿದರೆ ಕೊಟ್ಟೇನು ಎಂದರು.

ಅವರು ಒಳಗೆ ಹೋದಾಗ ನಾನು ಅಣ್ಣನನ್ನು ಪಕ್ಕಕ್ಕೆ ಕರೆದೆ. ಗಾಡಿಯಲ್ಲಿ ದೋಷವಿಲ್ಲ, ನೀನೇ ಹೇಳಿದೆ. ಹಾಗಿದ್ದ ಮೇಲೆ ಅತ್ತಿಗೆಗೆ ಈ ಕಥೆಯನ್ನೆಲ್ಲ ಯಾಕೆ ಹೇಳಬೇಕು? ಬೇವಿನ ಕಂತೆ ಬಿಚ್ಚಿ ಎಸೆದರಾಯಿತು.

"ನಿಜ ಹೇಳ್ಬೇಕು ಅಂತ ಊರಿಗೆಲ್ಲ ಭಾಷಣ ಮಾಡೋನು ನೀನೇ ಅಲ್ವೇನೋ?" ಎಂದ ಅಣ್ಣ.

ನಿಜವನ್ನು ತಾಳಿಕೊಳ್ಳುವವರಿಗೆ ಹೇಳಬೇಕು, ಎಲ್ಲರಿಗೂ ಅಲ್ಲ ಎಂದು ಸಮರ್ಥಿಸಿಕೊಂಡೆ. ಆ ಮಾತು ನನ್ನ ಕಿವಿಗೇ ಹಿತವೆನಿಸಲಿಲ್ಲ. ಅಣ್ಣ ಗಾಡಿಯ ಚಕ್ರಕ್ಕೆ ಒರಗಿ ಕೂತ.

"ಹಾಗೇ ಅಂದ್ಕೊಂಡು ಒಂದು ಸಲ ಹೇಳದೆ ಬಿಟ್ಟಿದ್ದೀನಿ ಕಣೋ. ಕಿಟ್ಟಿಗೆ ಹಾಕಿದ ದಾಕು ಎದ್ದೇ ಇರಲಿಲ್ಲ."

ದಾಕು ಹಾಕಿದ ಎಂಟನೆಯ ದಿನ ತೋಳನ್ನು ನೋಡಬೇಕು. ಗುಳ್ಳೆ ಎದ್ದಿದ್ದರೆ ಹತ್ತಿತು, ಇಲ್ಲದಿದ್ದರೆ ಮತ್ತೆ ಹಾಕಬೇಕು. ಅದು ಅವರ ಕೆಲಸದ ಕಟ್ಟಳೆ. ಕಿಟ್ಟಿಯ ಎಂಟನೆಯ ದಿನ ಅಣ್ಣ ದೂರದ ಹಳ್ಳಿಯೊಂದರಲ್ಲಿ ನಲವತ್ತು ಮಕ್ಕಳ ತೋಳು ನೋಡುತ್ತಿದ್ದ. ಮನೆಗೆ ಬಂದದ್ದು ಇಪ್ಪತ್ತನೆಯ ದಿನ. ಮಗುವಿನ ತೋಳು ನುಣ್ಣಗಿತ್ತು. ಗಾಜಿನ ಕೊಳವೆಯಲ್ಲಿದ್ದ ದಾಕಿನ ಔಷಧಿ ದಾರಿಯ ಬಿಸಿಲಿಗೆ ಕೆಟ್ಟಿತ್ತೆಂದು ಅವನಿಗೆ ಆಗಲೇ ಗೊತ್ತಾಯಿತು. ದಾಕು ಹತ್ತಿತಾ ಎಂದು ಅತ್ತಿಗೆ ಕೇಳಿದರು, ಹತ್ತಿತು ಎಂದ. ಮುಂದಿನ ಸಲ ಹೊಸ ಕೊಳವೆ ಬಂದಾಗ ಸದ್ದಿಲ್ಲದೆ ಮತ್ತೆ ಹಾಕಿದರಾಯಿತೆಂದುಕೊಂಡ. ಹೊಸ ಕೊಳವೆಗಳು ಬಂದವು, ಸಿಡುಬು ಕಾಣಿಸಿಕೊಂಡಿದ್ದ ಹಳ್ಳಿಗೆ ಅವನ್ನು ತೆಗೆದುಕೊಂಡು ಓಡಿದ. ಆ ಸರ್ಕೀಟಿನಿಂದ ಬರುವಷ್ಟರಲ್ಲಿ ಕಿಟ್ಟಿ ಇರಲಿಲ್ಲ.

ಸಂಕ್ರಾಂತಿಯಲ್ಲಿ ನಾನು ಎರಡು ಗಂಟೆ ಮಾಡಿದ ವಾದದ ಅಡಿಪಾಯವೇ ಸುಳ್ಳಾಗಿತ್ತು. ದಾಕು ಹಾಕಿಸಿಯೂ ಮಗು ಉಳಿಯಲಿಲ್ಲವೆಂದು ಅತ್ತಿಗೆ ನಂಬಿದ್ದರೆ, ಅದು ಅವರ ಮೌಢ್ಯವಲ್ಲ. ಅವರಿಗೆ ಕೊಟ್ಟ ಸಂಗತಿಯಿಂದ ಅವರು ಸರಿಯಾಗಿಯೇ ತರ್ಕಿಸಿದ್ದರು. 

ವೆಂಕಟಮ್ಮನವರೊಡನೆ ಕರಾರಾಯಿತು. ಮನೆಯಾಕೆಗೆ ಎಲ್ಲವನ್ನೂ ಹೇಳಿ, ಬೇಡವೆಂದರೆ ಗಾಡಿ ವಾಪಸ್ಸು. ಸುಣ್ಣ ಬಳಿದು, ತೊಳೆದು, ಒಣಗಲು ಒಂದು ದಿನ ಹಿಡಿಯಿತು. ಮರುದಿನ ನಸುಕಿಗೇ ಅವರ ಎತ್ತುಗಳನ್ನೇ ಹೂಡಿ, ಅವರ ಆಳು ಮುನಿಯಪ್ಪನನ್ನು ಜೊತೆಮಾಡಿ ಶ್ರೀನಿವಾಸಪುರಕ್ಕೆ ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಮುನಿಯಪ್ಪ ಗಾಡಿ ಹತ್ತದೆ ಎತ್ತುಗಳ ಪಕ್ಕದಲ್ಲೇ ನಡೆದ. ನೀನು ದಾಕು ಹಾಕಿಸಿಕೊಂಡವನಲ್ಲವೇನಯ್ಯ ಎಂದು ಕೆಣಕಿದೆ.

"ಹಾಕಿರೋದು ನನ್ನ ಕೈಗೆ ಸ್ವಾಮಿ, ಗಾಡಿಗಲ್ಲವಲ್ಲ" ಎಂದ.

ಅಣ್ಣ ಆ ದಿನ ನಕ್ಕದ್ದು ಅದೊಂದಕ್ಕೇ. ದಾರಿಯಲ್ಲಿ ಬುತ್ತಿಯ ಮುದ್ದೆ, ಹುರುಳಿಯ ಚಟ್ನಿ ಆಯಿತು. ಸ್ಪ್ರಿಂಗಿನ ಗಾಡಿ ಹಳ್ಳದಲ್ಲೂ ತೊಟ್ಟಿಲಿನಂತೆ ತೂಗುತ್ತಿತ್ತು. ಇಳಿಹೊತ್ತಿಗೆ ಶ್ರೀನಿವಾಸಪುರ ಸೇರಿದೆವು.

ಅತ್ತಿಗೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸಲ ಬಂದು, ಪಾತ್ರೆಯ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರು. ಅವರ ಮುಖ ಎಷ್ಟೋ ತಿಂಗಳ ಮೇಲೆ ಸ್ವಲ್ಪ ಸಡಿಲವಾದದ್ದನ್ನು ಕಂಡೆ. ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಅಣ್ಣ, "ಹತ್ತಬೇಡ, ಮೊದಲು ಎರಡು ಮಾತಿದೆ" ಎಂದ. ಗಾಡಿಯ ಕಥೆ ಹೇಳಿದ. ಅತ್ತಿಗೆ ತಲೆಯಾಡಿಸಿದರು. ಆಮೇಲೆ ಕಿಟ್ಟಿಯ ತೋಳಿನ ಕಥೆ ಹೇಳಿದ. ಅವನ ದನಿ ಏರಲೂ ಇಲ್ಲ, ತಗ್ಗಲೂ ಇಲ್ಲ. ನಾನು ಎತ್ತಿನ ಹಗ್ಗ ಹಿಡಿದು ನಿಂತಿದ್ದೆ.

"ನಿಮಗೆ ಗೊತ್ತಾದ ಮೇಲೆ ಎಷ್ಟು ದಿನ ಬದುಕಿದ್ದ ಅವನು?" ಎಂದು ಕೇಳಿದರು ಅತ್ತಿಗೆ.

"ಎರಡು ತಿಂಗಳು."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಮನೆಯಲ್ಲಿ ಅವತ್ತು ಯಾರೂ ಸರಿಯಾಗಿ ಉಣ್ಣಲಿಲ್ಲ. ಮಾರನೆಯ ಬೆಳಗ್ಗೆ ಬಾವಿಯ ಹತ್ತಿರ ಅತ್ತಿಗೆ ಸಿಕ್ಕಾಗ ನಾನು ಏನೋ ಶುರುಮಾಡಿದೆ. ಅಣ್ಣ ಮಾಡಿದ್ದು ತಪ್ಪೇ, ಆದರೆ ಅವನ ಕಡೆಯಿಂದ ನೋಡಿದರೆ ಎಂದು.

"ಸುಮ್ನಿರು ಶೀನಪ್ಪ. ಇದು ನಿನ್ನ ಚರ್ಚಾಕೂಟ ಅಲ್ಲ, ಎರಡು ಕಡೆ ಇರೋದಕ್ಕೆ" ಎಂದರು.

ಅಣ್ಣ ಊರಿನ ಆಸ್ಪತ್ರೆಗೆ ಹೋಗಿ, ಸರ್ಕೀಟಿಗೆಂದು ಬಂದಿದ್ದ ಹೊಸ ಕೊಳವೆಗಳನ್ನು ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟುಕೊಂಡು ಬಂದ. ಗಾಡಿ ಇಟ್ಟುಕೊಳ್ಳುವುದೋ ವಾಪಸ್ಸು ಕಳಿಸುವುದೋ ತಿಳಿಯದೆ ಮುನಿಯಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ಆಗ ಅತ್ತಿಗೆ ಹೊರಗೆ ಬಂದು ಅಣ್ಣನ ಎದುರಿಗೆ ಕೂತರು. ಮಗುವಿನ ಅಂಗಿಯ ತೋಳು ಮೇಲಕ್ಕೆ ಮಡಿಸಿದರು.

"ಹಾಕಿ."

ಅಣ್ಣ ಪುಟ್ಟ ತೋಳನ್ನು ತೊಳೆದು, ಒರೆಸಿ, ಎರಡು ಕಡೆ ಗೀರಿ ಔಷಧಿ ಹಚ್ಚಿದ. ಮಗು ಚೀರಿತು. ಅತ್ತಿಗೆ ಅದನ್ನು ಸಮಾಧಾನ ಮಾಡಲು ಎದ್ದುಹೋಗಲಿಲ್ಲ. ಎಂಟನೆಯ ದಿನ ಎಲ್ಲಿರುತ್ತೇವೆ ಎಂದು ಕೇಳಿದರು. ರೋಣೂರಿನ ಕಡೆ ಎಂದ ಅಣ್ಣ.

"ಅವತ್ತು ನಾನೇ ನೋಡ್ತೀನಿ. ಎದ್ದಿಲ್ಲ ಅಂದ್ರೆ ಅಲ್ಲಿಂದ ಗಾಡಿ ಕದಲಲ್ಲ. ಯಾರ ಊರಿಗೆ ಏನೇ ಬರಲಿ."

ಅಣ್ಣ ಹೂಂ ಎಂದ. ಮುನಿಯಪ್ಪ ತನ್ನ ಎತ್ತುಗಳನ್ನು ಬಿಚ್ಚಿ ಹೊಡೆದುಕೊಂಡು ಬೈರಕೂರಿಗೆ ಹೊರಟ. ಅತ್ತಿಗೆಯ ತಂದೆ ತಮ್ಮ ಕೊಟ್ಟಿಗೆಯಿಂದ ಜೋಡಿ ತಂದು ಹೂಡಿದರು. ನಾನು ಬೆಂಗಳೂರಿಗೆ ಮರಳಬೇಕಿತ್ತು. ಚಿಂತಾಮಣಿಯ ಮೇಲೆ ಹೋಗುವ ಚಿಕ್ಕ ರೈಲಿಗೆ ಟಿಕೆಟ್ ತೆಗೆದು ಕಿಟಕಿಯ ಪಕ್ಕ ಕೂತೆ.

ಊರು ದಾಟಿದ ಮೇಲೆ ಸ್ವಲ್ಪ ದೂರ ರಸ್ತೆ ಹಳಿಯ ಪಕ್ಕಕ್ಕೇ ಬರುತ್ತದೆ. ಅಲ್ಲಿ ಗಾಡಿ ಕಂಡಿತು. ಅಣ್ಣ ಮುಂದೆ ಹಗ್ಗ ಹಿಡಿದು ಕೂತಿದ್ದ. ಅತ್ತಿಗೆ ಅವನಿಗೆ ಬೆನ್ನು ಮಾಡಿ, ಹಿಂಬದಿಯ ಪರದೆ ಎತ್ತಿಕಟ್ಟಿ, ಕಾಲು ಇಳಿಬಿಟ್ಟು ಕೂತಿದ್ದರು. ನಾನು ಕೈ ಬೀಸಿದೆ. ಇಬ್ಬರೂ ನೋಡಲಿಲ್ಲ. ಅತ್ತಿಗೆ ಮಡಿಲಲ್ಲಿ ಮಲಗಿದ್ದ ಮಗುವಿನ ತೋಳಿಗೆ ನೊಣ ಕೂರದಂತೆ ಸೆರಗಿನಿಂದ ಗಾಳಿ ಹಾಕುತ್ತಿದ್ದರು.