ತಾಯಿ ಹೆಸರು ಹಿಡಿದು ಹೇಳಿದ ಸೌದಿ ವಂಶ

ಜಯಮಾಲಾ ಓದುತ್ತಿದ್ದದ್ದು ಸೌದಿ ಅರಸರ ಚರಿತ್ರೆ, ದುಡಿಯುತ್ತಿದ್ದದ್ದು ಪರದೇಶದ ಡಗ್ಲಸ್ ಎಂಬ ಊರಿನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ, ಬಚ್ಚಿಡುತ್ತಿದ್ದದ್ದು ತನ್ನ ಕುಲಕಸುಬನ್ನು. ಅಪ್ಪ ಭೀಮಪ್ಪ ಗೋಕಾಕದ ಕಡೆಯ ಹೆಳವ. ಎತ್ತಿನ ಮೇಲೆ ಊರೂರು ಸುತ್ತಿ, ಮನೆಗಳ ಮುಂದೆ ನಿಂತು, ಆ ಮನೆಯವರ ಏಳು ತಲೆಮಾರಿನ ಹೆಸರು ಹೇಳುವುದು ಅವನ ಕಾಯಕ. ಧಾರವಾಡದ ಹಾಸ್ಟೆಲಿನಲ್ಲಿ ಯಾವಳೋ ಒಬ್ಬಳು "ಅಂದ್ರ ಭಿಕ್ಷಾ ಬೇಡೋರು" ಎಂದಿದ್ದಳು. ಆ ಮಾತು ಸಮುದ್ರ ದಾಟಿದರೂ ಬಿಟ್ಟಿರಲಿಲ್ಲ. ಹಾಗಾಗಿ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ಅನನ್ಯಾ, ಲೋಹಿತ್ ಕೇಳಿದಾಗಲೂ ಜಯಮಾಲಾ "ಅಪ್ಪ ಅಗ್ರಿಕಲ್ಚರ್" ಎಂದು ಹೇಳಿ ಕೈತೊಳೆದುಕೊಂಡಿದ್ದಳು.

ಕೊರೋನಾ ಬಂದ ಆ ಬೇಸಿಗೆಯಲ್ಲಿ ಅವಳ ಎಂ.ಎ. ಪ್ರಬಂಧ ತಿರುಗಿ ಬಂತು. ಮಾರ್ಗದರ್ಶಕಿ ನೋರೀನ್ ಒಳ್ಳೆಯ ಹೆಂಗಸೇ, ಆದರೆ ಬೆಣ್ಣೆ ಹಚ್ಚಿ ಮಾತಾಡುವವಳಲ್ಲ. "ಇದು ರಾಜರ ಪಟ್ಟಿ, ಚರಿತ್ರೆಯಲ್ಲ. ಅಷ್ಟು ಜನ ಅಣ್ಣತಮ್ಮಂದಿರಲ್ಲಿ ಇವನೇ ಯಾಕೆ ಗದ್ದುಗೆಗೆ ಬಂದ, ಅದನ್ನು ಹೇಳು" ಎಂದಳು. ಆಗಸ್ಟ್ ಕೊನೆಗೆ ಆನ್‌ಲೈನ್ ವೈವಾ. ಅದರಲ್ಲೂ ಎಡವಿದರೆ ಪದವಿ ಇಲ್ಲದೆ ಊರಿಗೆ ಹೋಗುವುದೇ. ಲೈಬ್ರರಿಗೆ ಬೀಗ ಬಿದ್ದಿತ್ತು.

ಗೋಕಾಕದಲ್ಲೂ ಲಾಕ್‌ಡೌನ್. ಎತ್ತು ಕಟ್ಟಿಹಾಕಿ ಕೂತ ಭೀಮಪ್ಪನಿಗೆ ಫೋನೊಂದೇ ದಿಕ್ಕು. ಒಂದು ಭಾನುವಾರ ಬೇಸರ ಕಳೆಯಲೆಂದು ಮಗಳು ತನ್ನ ರಾಜರ ಪಟ್ಟಿಯನ್ನು ಓದಿ ಹೇಳಿದಳು. ದೊರೆ ಅಬ್ದುಲ್ ಅಜೀಜ್, ಅವನಿಗೆ ಮೂವತ್ತಕ್ಕೂ ಹೆಚ್ಚು ಗಂಡುಮಕ್ಕಳು, ಅವರಲ್ಲಿ ಆರು ಜನ ಒಬ್ಬರ ಹಿಂದೊಬ್ಬರು ರಾಜರಾದರು.

ಭೀಮಪ್ಪನಿಗೆ ಸಿಟ್ಟೇ ಬಂತು. "ಒಬ್ಬನ ತಾಯಿ ಹೆಸರರ ಹೇಳಿದೇನವಾ? ಇಷ್ಟೂ ಮಕ್ಳು ಒಂದ ಹೊಟ್ಯಾಗ ಹುಟ್ಯಾವೇನು? ಯಾರ ಬೆನ್ನಿಗೆ ಯಾರು ಬಿದ್ದವರು, ಯಾರ ಸ್ವಾದರಮಾವ ಗಟ್ಟಿ ಇದ್ದ, ಅದು ಬ್ಯಾಡೇನು? ಸಣ್ಣ ವಯಸ್ಸಿನ್ಯಾಗ ಸತ್ತವ್ರನ್ನೂ ಬಿಡಬಾರದು. ಅವ್ರು ಸತ್ತಿದ್ದಕ್ಕನ ಇನ್ನೊಬ್ಬಂಗ ಪಾಳಿ ಬಂದಿರತೈತಿ."

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅವಳ ಕಥೆ. ಅವಳು ಓದಿದ ಪುಸ್ತಕಗಳಲ್ಲಿ ತಾಯಂದಿರು ಇಲ್ಲದೆ ಇರಲಿಲ್ಲ. ಅಲ್ಲೊಬ್ಬಳು ಇಲ್ಲೊಬ್ಬಳು ಇದ್ದರು, ಇವಳೇ ದಾಟಿ ಹೋಗಿದ್ದಳು. ದೊರೆಯ ಹಿರಿಯ ಮಗ ತುರ್ಕಿಯನ್ನಂತೂ ಪಟ್ಟವೇ ಏರಲಿಲ್ಲವೆಂದು ಪೂರಾ ಕೈಬಿಟ್ಟಿದ್ದಳು. ಈಗ ತಿರುವಿ ನೋಡಿದರೆ ಆತ ಸತ್ತದ್ದು ನೂರು ವರ್ಷದ ಹಿಂದಿನ ಮಹಾ ಫ್ಲೂ ಜ್ವರದಲ್ಲಿ! ಅವನು ಹೋದದ್ದಕ್ಕೇ ತಮ್ಮ ಸೌದ್‌ಗೆ ಪಾಳಿ ಬಂತು. ಮುಖಕ್ಕೆ ಮಾಸ್ಕ್ ಹಾಕಿಕೊಂಡು ದಿನವೂ ಕ್ಯಾಶ್ ಕೌಂಟರಿನಲ್ಲಿ ನಿಲ್ಲುವವಳಿಗೆ ಮೈ ಜುಮ್ಮೆಂದಿತು. ಮೂರು ವಾರ ಕೂತು ಇಡೀ ವಂಶವನ್ನು ತಾಯಂದಿರ ಲೆಕ್ಕದಲ್ಲಿ ಹೊಸದಾಗಿ ಕಟ್ಟಿದಳು.

ವೈವಾ ದಿನ ಎರಡನೇ ಸ್ಲೈಡಿಗೇ ಬ್ರಾಡ್‌ಬ್ಯಾಂಡ್ ಕೈಕೊಟ್ಟಿತು. ಜಯಮಾಲಾ ಫೋನಿನಿಂದ ಬರೀ ದನಿಯಲ್ಲಿ ಸೇರಿಕೊಂಡಳು. ಹೊರಗಿನ ವಿಶ್ವವಿದ್ಯಾಲಯದ ಪರೀಕ್ಷಕರು, "ವಂಶದ ನಕ್ಷೆ ಕಾಣದೆ ಇಷ್ಟು ಹೆಸರು ಅರ್ಥವಾಗುವುದು ಹೇಗೆ? ಮುಂದೂಡೋಣವೇ?" ಎಂದರು.

"ಬೇಡ, ಬಾಯಲ್ಲೇ ಹೇಳ್ತೀನಿ" ಎಂದು ಅವಳು ಎದ್ದು ನಿಂತಳು. ಹೆಳವರು ಕೂತು ವಂಶ ಹೇಳುವುದಿಲ್ಲ.

ಹೇಳಿದಳು ನೋಡಿ! ಮೂಲಪುರುಷನಿಂದ ಹಿಡಿದು, ಹೆಂಡತಿಯರ ತವರು ಹೇಳಿ, ಒಂದೊಂದು ಹೊಟ್ಟೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ಓದುತ್ತಿದ್ದಾಳೆಂಬ ಗುಮಾನಿ ಬಂತೋ ಏನೋ, ಪರೀಕ್ಷಕರು ನಡುವೆಯೇ ತಡೆದು, "ಖಾಲಿದ್‌ನಿಂದ ಶುರು ಮಾಡಿ" ಎಂದರು. ಹೆಳವರ ಮಗಳಿಗೆ ಅದೊಂದು ಪರೀಕ್ಷೆಯೇ?

"ಖಾಲಿದ್‌ನ ತಾಯಿ ಜೌಹರಾ. ಅದೇ ಫ್ಲೂನಲ್ಲಿ ತೀರಿಕೊಂಡಳು. ಅದೇ ತಾಯಿಯ ಹಿರಿಮಗ ಮುಹಮ್ಮದ್ ಹಿಂದೆ ಸರಿದ, ಕಿರೀಟ ತಮ್ಮನಿಗೆ ಬಂತು. ಅವನ ನಂತರ ಫಹದ್. ತಾಯಿ ಹುಸ್ಸಾ, ಏಳು ಗಂಡುಮಕ್ಕಳ ಬಲ. ಆಮೇಲೆ ಅಬ್ದುಲ್ಲಾ. ತಾಯಿ ಫಹದಾ, ಶಮ್ಮರ್ ಕುಲದವಳು. ಒಡಹುಟ್ಟಿದ ಗಂಡುಮಕ್ಕಳಿಲ್ಲದ ಇವನು ಸೈನ್ಯದ ಬಲ ನಂಬಿದ. ಅವನ ನಂತರ ಪಟ್ಟ ಮತ್ತೆ ಹುಸ್ಸಾಳ ಹೊಟ್ಟೆಗೇ ಹೋಯಿತು, ಸಲ್ಮಾನ್‌ಗೆ."

ನೋರೀನ್ ಕೇಳಿದಳು, "ಹೀಗೆ ಹೇಳುವುದನ್ನು ಯಾರು ಕಲಿಸಿದರು?"

ಅಡುಗೆಮನೆಯ ಬಾಗಿಲಲ್ಲಿ ಅನನ್ಯಾ, ಲೋಹಿತ್ ಇಬ್ಬರೂ ನಿಂತಿದ್ದರು. ಜಯಮಾಲಾ ಅವರನ್ನು ನೋಡಿಯೇ ಉತ್ತರ ಕೊಟ್ಟಳು. "ನಮ್ಮಪ್ಪ. ನಾವು ಹೆಳವರು. ಮನೆಮನೆಗೆ ಹೋಗಿ ವಂಶ ಹೇಳೋರು. ಕೊಟ್ಟಿದ್ದನ್ನ ತಗೊಂಡು ಬದುಕೋರು."

"ಹಾಗಾದರೆ ನಿನ್ನ ಆಕರಗಳ ಪಟ್ಟಿಯಲ್ಲಿ ದೊಡ್ಡ ಹೆಸರೇ ಬಿಟ್ಟುಹೋಗಿದೆ. ಸೇರಿಸು" ಎಂದಳು ನೋರೀನ್.

ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು, ಫಸ್ಟ್ ಕ್ಲಾಸ್. ಅನನ್ಯಾ ಅಪ್ಪಿಕೊಂಡಳು. "ಇಷ್ಟು ದಿನ ಯಾಕ್ರೀ ಮುಚ್ಚಿಟ್ರಿ?" ಎಂದು ಲೋಹಿತ್ ಗದರಿದ. ಉತ್ತರ ಕೊಡುವ ಮೊದಲು ಅವಳು ಪಟ್ಟಿಯಲ್ಲಿ ಹೆಸರು ಸೇರಿಸಿದಳು, ದೊಡ್ಡ ದೊಡ್ಡ ಪಂಡಿತರ ನಡುವೆ. ಆಮೇಲೆ ಗೋಕಾಕಕ್ಕೆ ಫೋನ್ ಮಾಡಿ ಓದಿ ಹೇಳಿದಳು: "ಹೆಳವರ ಭೀಮಪ್ಪ, ವಂಶಾವಳಿ ವಿದ್ವಾಂಸರು, ಗೋಕಾಕ."

"ಐವತ್ತು ವರ್ಷ ಮಂದಿ ಹೆಸರು ಹೇಳೇನವಾ," ಎಂದ ಭೀಮಪ್ಪ. "ನನ್ನ ಹೆಸರು ಇಲ್ಲೀತನಕ ಯಾರೂ ಹೇಳಿದ್ದಿಲ್ಲ. ಇನ್ನೊಮ್ಮೆ ಓದು."

ಅವಳು ಎದ್ದು ನಿಂತು, ಪಕ್ಕದ ಮನೆಗೂ ಕೇಳುವಂತೆ ಓದಿದಳು.