ಹುಕ್ಕೇರಿಯವರ ಡಬ್ಬಿ

ಆಗ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಪ್ರೊಫೆಸರುಗಳ ದೊಡ್ಡ ದೊಡ್ಡ ಲೆಕ್ಕಗಳು ಅವುಗಳ ಮೇಲೆ ಓಡಬೇಕು. ನಿಂತರೆ ಬೈಗುಳ ನನಗೆ. ಇದೇ ಪಾಡು ಮೂಡಲಗಿಯಲ್ಲಿ ಒಬ್ಬ ಅಕ್ಕನದು, ಹುಕ್ಕೇರಿಯಲ್ಲಿ ಒಬ್ಬ ಗಂಡಸಿನದು. ಇಂಟರ್ನೆಟ್ಟು ಫೋನ್ ತಂತಿಯ ಮರ್ಜಿಯಲ್ಲಿತ್ತು. ಹಾಗಾಗಿ ತಿಂಗಳಿಗೊಂದು ರವಿವಾರ ನಾವಿಬ್ಬರು ಹೆಂಗಸರು, ಅವರೊಬ್ಬರು, ಹೀಗೆ ಮೂವರೂ ಗೋಕಾಕದ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂಡುತ್ತಿದ್ದೆವು. ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತರುವುದು ರೂಢಿ. ಹೊಸ ಪ್ರೋಗ್ರಾಂ, ಹೊಸ ಸುದ್ದಿ ಏನಿದ್ದರೂ ಭಜಿ ಬರುವ ಮೊದಲೇ ಹೇಳಿಬಿಡಬೇಕು.

ಸುದ್ದಿ ಯಾವಾಗಲೂ ಹುಕ್ಕೇರಿಯವರದೇ. ಅವರ ಸೋದರಮಾವನ ಮಗ ಪುಣೆಯಲ್ಲಿದ್ದ; ಹೊಸ ಪ್ರೋಗ್ರಾಮಿನ ಸೀಡಿ ಅಲ್ಲಿ ಬಂದರೆ ಮರುವಾರ ಹುಕ್ಕೇರಿಯಲ್ಲಿ. ಅವರು ಡಬ್ಬಿ ತೆರೆದರೆ ಮೂಡಲಗಿ ಅಕ್ಕ ಕುರ್ಚಿ ಮುಂದೆ ಎಳೆದುಕೊಳ್ಳುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಮಿರ್ಚಿ ಭಜಿ ಇಳಿಯುವ ಮೊದಲೇ ಉರಿ. ಜುಗ್ಗನಾಗಿದ್ದರೆ ಬೈದು ಹಗುರಾಗಬಹುದಿತ್ತು. ಕೇಳಿದ್ದೆಲ್ಲ ನಗುತ್ತ ಕೊಡುವ ಮನುಷ್ಯ. ಅದೇ ನನಗೆ ಸೇರುತ್ತಿರಲಿಲ್ಲ.

ಆಗ ನಮ್ಮ ಕೆಮಿಸ್ಟ್ರಿ ಪ್ರೊಫೆಸರರ ಪಿಎಚ್‌ಡಿ ಲೆಕ್ಕವೊಂದು ನನ್ನ ಕೊರಳಿಗೆ ಬಿದ್ದಿತ್ತು. ಮುಗಿಯಲು ಮೂರ್ನಾಲ್ಕು ದಿನ ಬೇಕು; ಕರೆಂಟು ಅಷ್ಟು ಹೊತ್ತು ಎಲ್ಲಿ ಇರಬೇಕು? ಹೋದರೆ ಮತ್ತೆ ಮೊದಲಿನಿಂದ. ಒಂದು ರವಿವಾರ ಸಿಟ್ಟಿನಲ್ಲಿ ಗೊಣಗಿದೆ: “ನಮ್ಮವ್ವ ಹಳೇ ಸೀರಿ ಕೂಡಿಸಿ ಕೌದಿ ಹೊಲಿಯಾಕ ಕುಂತಾಗ ಕರೆಂಟ್ ಹೋದ್ರ, ಬಂದ ಮ್ಯಾಲೆ ಬಿಟ್ಟ ಹೊಲಿಗಿಂದನ ಹಿಡೀತಾಳ. ಈ ಮಷೀನಿಗೆ ಅಷ್ಟೂ ಬುದ್ಧಿ ಇಲ್ಲ.” ಇಬ್ಬರೂ ನಕ್ಕರು. ನಾನೂ ಆ ಮಾತು ಮರೆತೆ.

ಹುಕ್ಕೇರಿಯವರ ಹೆಸರು ಪ್ರೊಫೆಸರರ ಕಿವಿಗೂ ಬಿದ್ದಿತ್ತು. ಸ್ವಲ್ಪ ದಿನಕ್ಕೆ ಕೇಳಿದರು: “ಈ ಲೆಕ್ಕ ಹುಕ್ಕೇರಿಯವರಿಗೆ ಒಮ್ಮೆ ತೋರಿಸ್ಲೇನ್ರಿ?”

“ಬ್ಯಾಡ್ರಿ ಸರ್, ನಾನ ಮಾಡ್ತೇನಿ” ಅಂದೆ. ನನ್ನ ಲ್ಯಾಬಿನ ಲೆಕ್ಕ ಹುಕ್ಕೇರಿಯಲ್ಲಿ ಮುಗಿದರೆ ನಾನು ಇದ್ದೂ ಇಲ್ಲದಂತೆ. ಹಟಕ್ಕೆ ಬಿದ್ದು ಪ್ರೋಗ್ರಾಂ ಬರೆದೆ: ಆಗಾಗ ನಡುವಿನ ಉತ್ತರಗಳನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು, ಕರೆಂಟು ಬಂದಾಗ ಅಲ್ಲಿಂದಲೇ ಮುಂದುವರಿಯಬೇಕು. ಸಣ್ಣದೊಂದು ಲೆಕ್ಕ ಓಡಿಸಿ, ನಡುವೆ ಮೇನ್ ಸ್ವಿಚ್ ಆರಿಸಿ ನೋಡಿದೆ. ಸರಿಯಾಗಿತ್ತು. ಆದರೆ ಪ್ರೊಫೆಸರರಿಗೆ ಹೇಳಲಿಲ್ಲ. ರವಿವಾರ ಬರಲಿ, ಆ ಡಬ್ಬಿ ತೆರೆಯುವ ಮೊದಲು ನನ್ನ ಸುದ್ದಿ ಬರಲಿ, ಅವರ ಮುಖ ನೋಡಬೇಕು ಅಂತ ಆಸೆ.

ರವಿವಾರ ಹುಕ್ಕೇರಿ ಬಸ್ಸಿನಿಂದ ಅವರ ಹಿಂದೆ ನಮ್ಮ ಪ್ರೊಫೆಸರೂ ಇಳಿದರು. ನನಗೆ ಹೇಳದೆ ವಾರದ ಹಿಂದೆಯೇ ಲೆಕ್ಕವನ್ನು ಹುಕ್ಕೇರಿಗೆ ಒಯ್ದಿದ್ದರಂತೆ.

“ಲೆಕ್ಕ ಮುಗೀತ್ರಿ!” ಅಂದರು ಪ್ರೊಫೆಸರ್. “ಕರೆಂಟ್ ಹೋದ್ರೂ ಬಿಟ್ಟಲ್ಲಿಂದ ಹಿಡೀತೈತಿ. ಏನ್ ತಲಿರಿ ಇವರ್ದು!”

ನಾನು ಬರೆದ ಪ್ರೋಗ್ರಾಮಿನ ಫ್ಲಾಪಿ ಚೀಲದಲ್ಲಿತ್ತು. ಈಗ ತೆಗೆದರೆ ಅವರದನ್ನೇ ನೋಡಿ ಬರೆದಳು ಅಂತಾರೆ.

ಹುಕ್ಕೇರಿಯವರು ಕೈ ಅಡ್ಡ ಆಡಿಸಿ ನನ್ನ ಕಡೆ ತೋರಿಸಿದರು. “ನನ್ನ ತಲಿ ಅಲ್ರೀ ಸರ್. ಈ ಅಕ್ಕಾರ ಅಂದಿದ್ರಲ್ಲ, ಕೌದಿ ಮಾತು? ಅದ ಕೇಳಿ ಬರದೆ.”

ಮೂಡಲಗಿ ಅಕ್ಕ ಚಪ್ಪಾಳೆ ತಟ್ಟಿದಳು. ಪ್ರೊಫೆಸರ್ ಮೊದಲ ಪ್ಲೇಟು ನನ್ನ ಮುಂದೆ ಸರಿಸಿದರು. ಹೊಟ್ಟೆಕಿಚ್ಚು ಪಡಲಿಕ್ಕೂ ಜಾಗ ಬಿಡಲಿಲ್ಲ ಮಹಾರಾಯ. ಆದರೂ ಪಟ್ಟೆ.

ಅವರು ಡಬ್ಬಿ ತೆರೆದು, ಟವೆಲ್ ಬಿಚ್ಚಿ, ಡಿಸ್ಕನ್ನು ನನ್ನ ಕೈಗೆ ಕೊಟ್ಟರು.

“ಕಾಪಿ ಮಾಡ್ಕೋರಿ ಅಕ್ಕಾರ. ನಿಮಗೂ ಉಪಯೋಗ ಆಗ್ತೈತಿ. ತಿಳೀಲಿಲ್ಲಂದ್ರ ಕೇಳ್ರಿ, ಹೇಳಿಕೊಡ್ತೇನಿ.”

“ಆತ್ರಿ” ಅಂದೆ. ತೆಗೆದುಕೊಂಡು ಚೀಲದಲ್ಲಿ ನನ್ನ ಫ್ಲಾಪಿಯ ಪಕ್ಕದಲ್ಲೇ ಇಟ್ಟುಕೊಂಡೆ.